ಗೇರ್ ಲಿವರ್ ಮತ್ತು ಎಡಗಾಲು: ಹೊಸ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಲವು ವರ್ಷಗಳಿಂದ ಸ್ಕೂಟರ್ ಓಡಿಸುತ್ತಿದ್ದೆ. ಈಗ ಕೆಲಸದ ಸ್ಥಳ ಬದಲಾಗಿ ದಿನವೂ ಹೆದ್ದಾರಿಯಲ್ಲಿ ಓಡಾಡಬೇಕಾಗಿ ಬಂದದ್ದರಿಂದ 150 ಸಿಸಿಯ ಬೈಕ್ ಕೊಂಡಿದ್ದೇನೆ. ಒಂದನೇ ಗೇರಿನಿಂದ ಎರಡಕ್ಕೆ ಏರಿಸುವಾಗ ಎಷ್ಟೋ ಸಲ ಗೇರ್ ಬೀಳದೆ ನ್ಯೂಟ್ರಲ್ ಆಗಿಬಿಡುತ್ತದೆ, ಎಂಜಿನ್ ಸುಮ್ಮನೆ ಅಬ್ಬರಿಸುತ್ತದೆ. ಲಿವರಿನ ಕೆಳಗೆ ಕಾಲ್ಬೆರಳು ತೂರಿಸಲು ಪಾದವನ್ನು ಫುಟ್‌ರೆಸ್ಟಿನಿಂದ ಎತ್ತಿ ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಸಂಜೆಯ ಹೊತ್ತಿಗೆ ಕಣಕಾಲಿನ ಮುಂಭಾಗ ನೋಯುತ್ತದೆ. ಬೈಕ್ ಕೊಂಡ ಕಡೆ ವಿಚಾರಿಸಿದರೆ ‘ಅಭ್ಯಾಸವಾದರೆ ಸರಿಹೋಗುತ್ತದೆ ಮೇಡಂ’ ಎಂದರು. ಇದು ನಿಜವಾಗಿಯೂ ಅಭ್ಯಾಸದ ಕೊರತೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ನೀವು ಬರೆದಿರುವ ಮೂರೂ ತೊಂದರೆಗಳಿಗೆ ಬಹುಮಟ್ಟಿಗೆ ಒಂದೇ ಕಾರಣವಿದೆ: ನಿಮ್ಮ ಬೈಕಿನ ಗೇರ್ ಲಿವರ್ ನಿಮ್ಮ ಪಾದಕ್ಕೆ ತೀರ ತಗ್ಗಿನಲ್ಲಿದೆ. ಲಿವರ್ ತಗ್ಗಿದ್ದಾಗ ಬೆರಳನ್ನು ಅದರ ಕೆಳಗೆ ತೂರಿಸಲು ಪಾದವನ್ನು ಅಸಹಜವಾಗಿ ಕೆಳಕ್ಕೆ ಬಗ್ಗಿಸಬೇಕು, ಆಮೇಲೆ ಅಲ್ಲಿಂದಲೇ ಮೇಲಕ್ಕೆ ಎತ್ತಬೇಕು. ಈ ಎರಡು ಚಲನೆಗಳ ನಡುವೆ ಕಣಕಾಲಿನ ಮುಂಭಾಗದ ಸ್ನಾಯು ದಿನಕ್ಕೆ ನೂರಾರು ಸಲ ಎಳೆತಕ್ಕೆ ಸಿಲುಕುತ್ತದೆ. ಬೆರಳು ಪೂರ್ತಿ ಒಳಹೋಗದಿದ್ದರೆ ಲಿವರ್ ತನ್ನ ಪೂರ್ಣ ದೂರವನ್ನು ಕ್ರಮಿಸುವುದಿಲ್ಲ, ಅರ್ಧಕ್ಕೇ ನಿಂತ ಲಿವರ್ ಒಂದು ಮತ್ತು ಎರಡರ ನಡುವೆ ಇರುವ ನ್ಯೂಟ್ರಲ್ಲಿನಲ್ಲಿ ಗೇರನ್ನು ಬಿಟ್ಟುಬಿಡುತ್ತದೆ. ಅಭ್ಯಾಸದಿಂದ ಇದನ್ನು ಸಹಿಸಿಕೊಳ್ಳಬಹುದು, ಸರಿಪಡಿಸಲಾಗದು. ಹೊಸ ಸವಾರರಿಗೆ ಕನ್ನಡಿ ತಿರುಗಿಸಿಕೊಳ್ಳಲು ಎಲ್ಲರೂ ಹೇಳುತ್ತಾರೆ, ಗೇರ್ ಲಿವರನ್ನೂ ಪಾದಕ್ಕೆ ಹೊಂದಿಸಿಕೊಳ್ಳಬಹುದು ಎಂದು ಬಹಳ ಕಡಿಮೆ ಜನ ಹೇಳುತ್ತಾರೆ. ಕಾರ್ಖಾನೆಯವರು ಯಾವುದೋ ಒಂದು ಸರಾಸರಿ ಪಾದಕ್ಕೆ ಲಿವರನ್ನು ಕೂರಿಸಿರುತ್ತಾರೆ. ಆ ಪಾದ ನಿಮ್ಮದಾಗಿರಬೇಕಿಲ್ಲ.

ಮೊದಲು ಎತ್ತರವನ್ನು ಪರೀಕ್ಷಿಸಿಕೊಳ್ಳಿ. ಬೈಕನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಾದರೆ ಮನೆಯವರೊಬ್ಬರು ಮುಂದೆ ನಿಂತು ಹ್ಯಾಂಡಲ್ ಹಿಡಿದು ಅದನ್ನು ನೆಟ್ಟಗೆ ನಿಲ್ಲಿಸಲಿ. ದಿನವೂ ಯಾವ ಷೂ ಹಾಕಿಕೊಂಡು ಓಡಿಸುತ್ತೀರೋ ಅದನ್ನೇ ಹಾಕಿಕೊಂಡು, ಎಂದಿನ ಭಂಗಿಯಲ್ಲಿ ಕುಳಿತು, ಅಂಗಾಲಿನ ಕಮಾನು ಫುಟ್‌ರೆಸ್ಟಿನ ಮೇಲೆ ಬರುವಂತೆ ಎಡಪಾದವನ್ನು ಇಟ್ಟು ಸಡಿಲ ಬಿಡಿ. ಹೀಗೆ ಬಿಟ್ಟಾಗ ಷೂವಿನ ತುದಿ ಹೆಚ್ಚುಕಡಿಮೆ ಲಿವರಿನ ರಬ್ಬರಿನ ಎತ್ತರದಲ್ಲೇ ಇರಬೇಕು. ಪಾದ ಫುಟ್‌ರೆಸ್ಟನ್ನು ಬಿಡದೆ, ತುದಿಯನ್ನು ಸ್ವಲ್ಪ ತಗ್ಗಿಸಿದರೆ ಅದು ಲಿವರಿನ ಕೆಳಗೆ ಹೋಗಬೇಕು, ಸ್ವಲ್ಪ ಎತ್ತಿದರೆ ಲಿವರಿನ ಮೇಲೆ ಬರಬೇಕು. ಕೆಳಗೆ ಹೋಗಲು ಕಷ್ಟವಾದರೆ ಲಿವರ್ ತಗ್ಗಿದೆ. ಮೇಲೆ ಬರಲು ಮೊಣಕಾಲನ್ನೇ ಎತ್ತಬೇಕಾಗಿ ಬಂದರೆ ಲಿವರ್ ಎತ್ತರದಲ್ಲಿದೆ. ಅಂಥ ಬೈಕಿನಲ್ಲಿ ಗೇರ್ ಏರಿಸುವುದು ಸಲೀಸು, ಇಳಿಸುವುದು ತ್ರಾಸ. ಪಕ್ಕದಲ್ಲಿ ನಿಂತು ನೋಡುವವರು ಒಬ್ಬರಿದ್ದರೆ ಒಳ್ಳೆಯದು, ಏಕೆಂದರೆ ಸೀಟಿನಿಂದ ಬಗ್ಗಿ ನೋಡಿದ ಕೂಡಲೇ ಪಾದದ ಭಂಗಿ ಬದಲಾಗುತ್ತದೆ.

ಇನ್ನು ಹೊಂದಿಸುವ ಕೆಲಸ. ಲಿವರ್ ಜೋಡಣೆಯಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಲಿವರ್ ನೇರವಾಗಿ ಎಂಜಿನ್ನಿನಿಂದ ಹೊರಬಂದಿರುವ ಉಕ್ಕಿನ ಶಾಫ್ಟಿನ ಮೇಲೆ ಕುಳಿತಿರುತ್ತದೆ. ಆ ಶಾಫ್ಟಿನ ಸುತ್ತ ಸಣ್ಣ ಹಲ್ಲುಗಳಿದ್ದು, ಲಿವರಿನ ರಂಧ್ರದ ಒಳಗೂ ಅದಕ್ಕೆ ಸರಿಹೊಂದುವ ಹಲ್ಲುಗಳಿರುತ್ತವೆ. ಲಿವರಿನ ಆ ತುದಿಯನ್ನು ಸೀಳಿ, ಸೀಳಿಗೆ ಅಡ್ಡಲಾಗಿ ಒಂದು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಸಾಮಾನ್ಯವಾಗಿ ಇದಕ್ಕೆ 10 ನಂಬರಿನ ಸ್ಪ್ಯಾನರ್ ಸಾಕು. ಎಂಜಿನ್ ತಣ್ಣಗಿರುವಾಗ, ಕೀಲಿಕೈ ತೆಗೆದಿಟ್ಟು ಈ ಕೆಲಸ ಮಾಡಿ.

ಬಿಚ್ಚುವ ಮೊದಲು ಹಳೆಯ ಟೂತ್ ಬ್ರಷ್ ಮತ್ತು ಸ್ವಲ್ಪ ಸೀಮೆಎಣ್ಣೆಯಿಂದ ಆ ಜಾಗದ ಮಣ್ಣನ್ನೆಲ್ಲ ತೊಳೆದುಕೊಳ್ಳಿ. ಆಗ ಶಾಫ್ಟಿನ ತುದಿಯಲ್ಲಿ ಒಂದು ಸಣ್ಣ ಚುಕ್ಕೆ ಅಥವಾ ಗೀರು ಕಾಣಬಹುದು. ಅದು ಲಿವರಿನ ಸೀಳಿಗೆ ಎದುರಾಗಿದ್ದರೆ ಲಿವರ್ ಕಾರ್ಖಾನೆ ಕೂರಿಸಿದ ಜಾಗದಲ್ಲೇ ಇದೆ ಎಂದು ತಿಳಿಯಬೇಕು. ಗುರುತು ಕಾಣದಿದ್ದರೆ ನೀವೇ ಬಿಳಿ ಪೇಂಟಿನಿಂದ ಶಾಫ್ಟ್ ಮತ್ತು ಲಿವರ್ ಎರಡರ ಮೇಲೂ ಒಂದು ಗೆರೆ ಎಳೆದುಕೊಳ್ಳಿ, ಹಳೆಯ ಸ್ಥಾನಕ್ಕೆ ಮರಳಬೇಕಾದರೆ ಅದೇ ದಾರಿ ತೋರಿಸುತ್ತದೆ. ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಹಲವು ಬೈಕುಗಳಲ್ಲಿ ಅದು ಶಾಫ್ಟಿನ ಒಂದು ತೋಡಿನ ಮೂಲಕ ಹಾದುಹೋಗುವುದರಿಂದ, ಅದು ಒಳಗಿರುವವರೆಗೆ ಲಿವರ್ ಹೊರಗೆ ಜಾರುವುದಿಲ್ಲ. ಬೋಲ್ಟ್ ತೆಗೆದ ಮೇಲೂ ಲಿವರ್ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ. ಆ ಪೆಟ್ಟು ಶಾಫ್ಟಿನ ಮೂಲಕ ಗೇರ್ ಬಾಕ್ಸಿನ ಒಳಕ್ಕೇ ಹೋಗುತ್ತದೆ. ಸೀಳಿನಲ್ಲಿ ಚಪ್ಪಟೆ ಸ್ಕ್ರೂ ಡ್ರೈವರಿನ ತುದಿಯಿಟ್ಟು ಕೂದಲೆಳೆಯಷ್ಟು ಅಗಲಿಸಿ, ಅತ್ತಿತ್ತ ಅಲ್ಲಾಡಿಸುತ್ತ ಹೊರಕ್ಕೆ ಎಳೆದರೆ ಬರುತ್ತದೆ.

ಲಿವರನ್ನು ಒಂದೇ ಒಂದು ಹಲ್ಲು ಮೇಲಕ್ಕೆ ತಿರುಗಿಸಿ ಮತ್ತೆ ಕೂರಿಸಿ. ಒಂದು ಹಲ್ಲು ಎಂದರೆ ಕೇಳಲು ಅಲ್ಪವೆನಿಸಿದರೂ ಲಿವರಿನ ತುದಿಯಲ್ಲಿ ಅದು ಸುಮಾರು ಒಂದೂವರೆಯಿಂದ ಎರಡು ಸೆಂಟಿಮೀಟರ್ ಆಗಬಹುದು, ಆದ್ದರಿಂದ ಎರಡು ಹಲ್ಲಿಗೆ ಅವಸರಪಡಬೇಡಿ. ಕೂರಿಸುವಾಗ ಹಲ್ಲುಗಳಿಗೆ ಒಂದಿಷ್ಟು ಗ್ರೀಸ್ ಸವರಿದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುವುದಿಲ್ಲ. ಬೋಲ್ಟನ್ನು ಮೊದಲು ಕೈಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಎಳೆಗಳು (ಥ್ರೆಡ್) ಸರಿಯಾಗಿ ಕೂತಿವೆ ಎಂದು ಖಚಿತವಾದ ಮೇಲೆ ಸ್ಪ್ಯಾನರ್ ಹಚ್ಚಿ. ಈ ಅಳತೆಯ ಬೋಲ್ಟುಗಳಿಗೆ 10ರಿಂದ 12 ನ್ಯೂಟನ್ ಮೀಟರ್ ಬಿಗಿತ ಸಾಮಾನ್ಯವಾದರೂ ನಿಮ್ಮ ಬೈಕಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಬೇಕು. ಚಿಕ್ಕ ಸ್ಪ್ಯಾನರನ್ನು ಒಂದು ಕೈಯಲ್ಲಿ ಹಿಡಿದು ದೃಢವಾಗಿ ಬಿಗಿದರೆ ಸಾಕಾಗುತ್ತದೆ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿದವರು ಎಳೆ ಕಿತ್ತ ಲಿವರನ್ನು ಕೈಯಲ್ಲಿ ಹಿಡಿದು ಮೆಕ್ಯಾನಿಕ್ ಬಳಿ ಹೋಗಬೇಕಾಗುತ್ತದೆ.

ಎರಡನೆಯ ಬಗೆಯಲ್ಲಿ, ಫುಟ್‌ರೆಸ್ಟ್ ಹಿಂದಕ್ಕೆ ಇರುವ ಬೈಕುಗಳಲ್ಲಿ, ಲಿವರ್ ಫುಟ್‌ರೆಸ್ಟಿನ ಬಳಿ ತಿರುಗುತ್ತದೆ ಮತ್ತು ಒಂದು ತೆಳುವಾದ ಸರಳು ಅದನ್ನು ಗೇರ್ ಬಾಕ್ಸಿನ ಶಾಫ್ಟಿಗೆ ಜೋಡಿಸುತ್ತದೆ. ಇಲ್ಲಿ ಏನನ್ನೂ ಕಳಚುವ ಅಗತ್ಯವಿಲ್ಲ. ಸರಳಿನ ಎರಡು ತುದಿಗಳಲ್ಲಿರುವ ಲಾಕ್ ನಟ್‌ಗಳನ್ನು ಸಡಿಲಿಸಿ ಸರಳನ್ನು ತಿರುಗಿಸಿದರೆ ಅದರ ಉದ್ದ ಹೆಚ್ಚು ಕಡಿಮೆಯಾಗಿ ಲಿವರಿನ ತುದಿ ಏರುತ್ತದೆ ಅಥವಾ ಇಳಿಯುತ್ತದೆ. ಎರಡು ನಟ್‌ಗಳಲ್ಲಿ ಒಂದರ ಎಳೆ ಉಲ್ಟಾ ಇರುವುದು ವಾಡಿಕೆ. ಅದು ಸಡಿಲವಾಗುತ್ತಿಲ್ಲ ಎಂದು ಬಲ ಹಾಕುವ ಮೊದಲು ಇನ್ನೊಂದು ದಿಕ್ಕಿಗೆ ತಿರುಗಿಸಿ ನೋಡಿ. ಅರ್ಧ ಸುತ್ತು ತಿರುಗಿಸುವುದು, ಕುಳಿತು ನೋಡುವುದು, ಮತ್ತೆ ಅರ್ಧ ಸುತ್ತು, ಹೀಗೆ ಮುಂದುವರಿಯಿರಿ. ಸರಳಿನ ಎಳೆಗಳು ಎರಡೂ ಕಡೆ ಕೀಲಿನೊಳಗೆ ಸಾಕಷ್ಟು ಉಳಿದಿರಲೇಬೇಕು, ಇಲ್ಲವಾದರೆ ಓಡುವಾಗ ಸರಳು ಕಳಚಿಕೊಳ್ಳುವ ಅಪಾಯವಿದೆ. ಈ ಬಗೆಯಲ್ಲಿ ಅತಿ ಸೂಕ್ಷ್ಮವಾದ ಹೊಂದಾಣಿಕೆ ಸಾಧ್ಯ, ಅದೇ ಇದರ ಲಾಭ.

ರಸ್ತೆಗೆ ಇಳಿಯುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಲೇಬೇಕು. ಲಿವರನ್ನು ಪೂರ್ತಿ ಕೆಳಗೆ ಒತ್ತಿದಾಗ ಮತ್ತು ಪೂರ್ತಿ ಮೇಲಕ್ಕೆ ಎತ್ತಿದಾಗ ಅದು ಎಂಜಿನ್ನಿನ ಹೊದಿಕೆಗಾಗಲಿ, ಫುಟ್‌ರೆಸ್ಟಿಗಾಗಲಿ, ಸ್ಟ್ಯಾಂಡಿಗಾಗಲಿ ತಾಗಬಾರದು. ಆಮೇಲೆ ಎಂಜಿನ್ ಆರಿಸಿಯೇ, ಹಿಂಚಕ್ರವನ್ನು ಟೈರ್ ಹಿಡಿದು ನಿಧಾನವಾಗಿ ತಿರುಗಿಸುತ್ತ ಒಂದೊಂದೇ ಗೇರ್ ಹಾಕಿ ನೋಡಿ. ಚಕ್ರ ತಿರುಗದಿದ್ದರೆ ಒಳಗಿನ ಗೇರುಗಳು ಒಂದಕ್ಕೊಂದು ಎದುರಾಗದೆ ಲಿವರ್ ಕದಲುವುದಿಲ್ಲ, ಅದನ್ನು ದೋಷವೆಂದು ತಿಳಿಯಬೇಡಿ. ಬೆರಳು ಚೈನಿನ ಹತ್ತಿರ ಹೋಗದಿರಲಿ, ಎಂಜಿನ್ ಚಾಲೂ ಇರುವಾಗ ಈ ಪರೀಕ್ಷೆ ಸರ್ವಥಾ ಬೇಡ.

ಲಿವರ್ ಸರಿಯಾದ ಮೇಲೆ ಕಾಲಿನ ಕ್ರಮವನ್ನೂ ತಿದ್ದಿಕೊಳ್ಳಬೇಕು. ಗೇರ್ ಏರಿಸುವಾಗ ಆಕ್ಸಿಲರೇಟರ್ ಬಿಡುವುದು ಮತ್ತು ಕ್ಲಚ್ ಹಿಡಿಯುವುದು ಒಟ್ಟಿಗೆ ಆಗಬೇಕು. ಬೆರಳು ಅದಕ್ಕೂ ಮೊದಲೇ ಲಿವರಿನ ಕೆಳಗೆ ಸಿದ್ಧವಾಗಿರಬೇಕು. ಲಿವರನ್ನು ಒದೆಯಬೇಡಿ, ತಟ್ಟಿ ಬಿಡಬೇಡಿ. ಒಂದೇ ಬಲದಲ್ಲಿ ಅದರ ಕೊನೆಯವರೆಗೆ ಎತ್ತಿ, ಕ್ಲಚ್ ಬಿಡಲು ಆರಂಭಿಸುವವರೆಗೆ ಅಲ್ಲೇ ಹಿಡಿದಿಟ್ಟು, ಆಮೇಲೆ ಪಾದವನ್ನು ಪೂರ್ತಿ ಸಡಿಲ ಬಿಡಿ. ಗೇರ್ ಬಾಕ್ಸಿನ ಒಳಗೆ ಒಂದು ಗೇರಿನ ಪಕ್ಕದ ಮುಂಚಾಚುಗಳು ಇನ್ನೊಂದರ ಗುಳಿಗಳಿಗೆ, ಬಾಗಿಲಿನ ಚಿಲಕ ಗೋಡೆಯ ತೂತಿಗೆ ಕೂರುವಂತೆ, ಆಳವಾಗಿ ಕೂರಬೇಕು. ಅಂಚಿನಲ್ಲಿ ಮಾತ್ರ ಕಚ್ಚಿಕೊಂಡರೆ ಆಕ್ಸಿಲರೇಟರ್ ಕೊಟ್ಟ ಕೂಡಲೇ ಕಳಚಿ ಹಾರುತ್ತದೆ. ಒಂದು ಗೇರ್ ಹಾಕಿದ ಮೇಲೆ ಲಿವರ್ ತನ್ನ ಸ್ಪ್ರಿಂಗಿನ ಬಲದಿಂದ ಮಧ್ಯಕ್ಕೆ ಮರಳಿದರೆ ಮಾತ್ರ ಮುಂದಿನ ಗೇರನ್ನು ಹಿಡಿಯಬಲ್ಲದು. ಪಾದವನ್ನು ಲಿವರಿನ ಕೆಳಗೇ ಒತ್ತಿಹಿಡಿದಿದ್ದರೆ ಆ ಮರಳುವಿಕೆ ನಡೆಯುವುದಿಲ್ಲ, ಎರಡಾದ ಮೇಲೆ ಮೂರು ಬೀಳುವುದಿಲ್ಲ. ಓಡುವಾಗ ಪಾದವನ್ನು ಲಿವರಿನ ಮೇಲೆ ಊರಿಟ್ಟುಕೊಳ್ಳುವ ರೂಢಿಯೂ ಕೆಟ್ಟದ್ದು. ಆ ಸಣ್ಣ ಒತ್ತಡ ಸದಾ ಇರುವುದರಿಂದ ಗೇರುಗಳನ್ನು ಸರಿಸುವ ಒಳಗಿನ ಕವಲುಗಳು ಸವೆಯುತ್ತವೆ.

ಪ್ರಶ್ನೆ: ಸಿಗ್ನಲ್ಲಿನಲ್ಲಿ ನಿಂತಾಗ ನ್ಯೂಟ್ರಲ್ ಸಿಗುವುದೇ ಇಲ್ಲ. ಒಂದರಿಂದ ಎತ್ತಿದರೆ ಎರಡು, ಎರಡರಿಂದ ಒತ್ತಿದರೆ ಒಂದು. ಹಿಂದಿನವರು ಹಾರನ್ ಹಾಕುತ್ತಿರುತ್ತಾರೆ. ಎಂಜಿನ್ ಆರಿಸಿದರೆ ಮಾತ್ರ ಸುಲಭವಾಗಿ ಬರುತ್ತದೆ. ಲಿವರ್ ಹೊಂದಿಸಿದರೆ ಸರಿಹೋಗುತ್ತದೆಯೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಎಂಜಿನ್ ಆರಿಸಿದಾಗ ಸುಲಭವಾಗಿ ಬರುತ್ತದೆ ಎಂಬ ನಿಮ್ಮ ಒಂದು ವಾಕ್ಯದಲ್ಲೇ ಉತ್ತರವಿದೆ. ಲಿವರ್ ಸರಿಯಾಗಿದೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕ್ಲಚ್ ಹಿಡಿದಾಗಲೂ ಅದರ ಪ್ಲೇಟುಗಳು ಅಲ್ಪಸ್ವಲ್ಪ ಅಂಟಿಕೊಂಡೇ ಇದ್ದರೆ ಎಂಜಿನ್ ಗೇರುಗಳನ್ನು ತಳ್ಳುತ್ತಲೇ ಇರುತ್ತದೆ, ಹಾಗೆ ಒತ್ತಡದಲ್ಲಿರುವ ಗೇರುಗಳು ತಮ್ಮ ಗುಳಿಯಿಂದ ಮೆಲ್ಲಗೆ ಹೊರಬರಲು ಒಪ್ಪುವುದಿಲ್ಲ. ಬಲವಾಗಿ ಒತ್ತಿದಾಗ ಒಮ್ಮೆಲೇ ಬಿಡಿಸಿಕೊಂಡು ನ್ಯೂಟ್ರಲ್ಲನ್ನು ದಾಟಿಯೇ ಹೋಗುತ್ತವೆ.

ಕ್ಲಚ್ ಹಿಡಿಕೆಯ ಸಡಿಲವನ್ನು ಅಳೆದು ನೋಡಿ. ಕ್ಲಚ್ಚಿನ ತುದಿಯನ್ನು ಒಂದು ಬೆರಳಿನಿಂದ ಎಳೆದಾಗ, ಬಿಗಿ ಹತ್ತುವ ಮೊದಲು ಅದು ಎಷ್ಟು ದೂರ ಸುಮ್ಮನೆ ಬರುತ್ತದೆ ಎನ್ನುವುದೇ ಸಡಿಲ. 100ರಿಂದ 150 ಸಿಸಿಯ ಹಲವು ಬೈಕುಗಳಿಗೆ ಇದು 10ರಿಂದ 20 ಮಿಲಿಮೀಟರ್ ಇರಬೇಕೆಂದು ಕೈಪಿಡಿಗಳು ಹೇಳುತ್ತವೆ. ಅದಕ್ಕಿಂತ ಹೆಚ್ಚಿದ್ದರೆ ನೀವು ಪೂರ್ತಿ ಹಿಡಿದರೂ ಕೇಬಲ್ ಪೂರ್ತಿ ಎಳೆಯುವುದಿಲ್ಲ; ಹ್ಯಾಂಡಲ್ ಬಳಿಯ ಅಥವಾ ಎಂಜಿನ್ ಬಳಿಯ ಹೊಂದಿಸುವ ನಟ್ ತಿರುಗಿಸಿ ಸರಿಮಾಡಿ. ಹಾಗೆಂದು ಸಡಿಲವೇ ಇಲ್ಲದಂತೆ ಬಿಗಿಯಬಾರದು, ಆಗ ಕ್ಲಚ್ ಜಾರಲು ತೊಡಗಿ ಪ್ಲೇಟುಗಳು ಸುಡುತ್ತವೆ. ಸಡಿಲ ಸರಿಯಿದ್ದೂ ತೊಂದರೆ ಮುಂದುವರಿದರೆ ಎಂಜಿನ್ ಆಯಿಲ್ ನೋಡಬೇಕು. ಬಹುತೇಕ ಬೈಕುಗಳಲ್ಲಿ ಎಂಜಿನ್, ಕ್ಲಚ್ ಮತ್ತು ಗೇರ್ ಬಾಕ್ಸ್ ಮೂರಕ್ಕೂ ಒಂದೇ ಆಯಿಲ್; ಹಳತಾಗಿ ಕಪ್ಪಾದ ಆಯಿಲ್ ಅಥವಾ ಕೈಪಿಡಿ ಹೇಳಿದ್ದಕ್ಕಿಂತ ಬೇರೆ ದರ್ಜೆಯ ಆಯಿಲ್ ಮೂರನ್ನೂ ಕೆಡಿಸುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ (JASO MA) ಅಥವಾ ಎಂಎ2 (MA2) ಎಂಬ, ಬೈಕಿನ ಕ್ಲಚ್ಚಿಗೆ ಹೊಂದುತ್ತದೆ ಎಂದು ಸೂಚಿಸುವ ಗುರುತು ಇರಲಿ. ಕಾರಿನ ಆಯಿಲ್ ಉಳಿದಿದೆ ಎಂದು ಬೈಕಿಗೆ ಸುರಿಯಬೇಡಿ.

ಇದೆಲ್ಲ ಸರಿಯಾಗುವವರೆಗೆ ಒಂದು ಉಪಾಯವಿದೆ. ಬೈಕ್ ಪೂರ್ತಿ ನಿಲ್ಲುವ ಮೊದಲೇ, ಇನ್ನೂ ಮೆಲ್ಲಗೆ ಉರುಳುತ್ತಿರುವಾಗ, ಎರಡನೇ ಗೇರಿನಿಂದ ಲಿವರನ್ನು ಬೆರಳಿನ ತುದಿಯಿಂದ ಅರ್ಧ ಮಾತ್ರ ಒತ್ತಿ. ಮೀಟರಿನಲ್ಲಿ ನ್ಯೂಟ್ರಲ್ಲಿನ ಹಸಿರು ದೀಪ ಹೊತ್ತಿದ ಮೇಲೂ ಕ್ಲಚ್ಚನ್ನು ಒಮ್ಮೆಲೇ ಬಿಡದೆ ನಿಧಾನವಾಗಿ ಬಿಟ್ಟು, ಬೈಕ್ ಮುಂದಕ್ಕೆ ಜಗ್ಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಇನ್ನೊಂದು ಮಾತು: ಸಿಗ್ನಲ್ಲಿನ ಕೆಂಪು ದೀಪ ಹಸಿರಾಗಲು ಕೆಲವೇ ಸೆಕೆಂಡುಗಳಿದ್ದರೆ ನ್ಯೂಟ್ರಲ್ಲಿಗೆ ಪರದಾಡುವುದಕ್ಕಿಂತ ಕ್ಲಚ್ ಹಿಡಿದು ಒಂದನೇ ಗೇರಿನಲ್ಲೇ ನಿಲ್ಲುವುದು ಮೇಲು.

ಪ್ರಶ್ನೆ: ನನ್ನ ಬೈಕಿನಲ್ಲಿ ಮುಂದೆ ಹಿಂದೆ ಎರಡೂ ಕಡೆ ತುಳಿಯುವ ಲಿವರ್ ಇದೆ. ಹಿಂದಿನ ತುದಿ ಹಿಮ್ಮಡಿಗೆ ತಾಗುತ್ತದೆ. ಗೆಳೆಯರು ಅದನ್ನು ಕತ್ತರಿಸಿ ತೆಗೆಸಿಬಿಡು ಎನ್ನುತ್ತಾರೆ.
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಕತ್ತರಿಸಬೇಡಿ. ನಮ್ಮಲ್ಲಿ ಚಪ್ಪಲಿ ಹಾಕಿಕೊಂಡು, ಬರಿಗಾಲಿನಲ್ಲಿ, ಕಚೇರಿಯ ಪಾಲಿಶ್ ಮಾಡಿದ ಷೂ ಹಾಕಿಕೊಂಡು ಬೈಕ್ ಓಡಿಸುವ ಲಕ್ಷಾಂತರ ಜನರಿಗೆ ಈ ಲಿವರ್ ಬಹಳ ಅನುಕೂಲ ಮಾಡಿಕೊಟ್ಟಿದೆ; ಬೆರಳಿನಿಂದ ಎತ್ತುವ ಬದಲು ಹಿಮ್ಮಡಿಯಿಂದ ತುಳಿದರೆ ಬೆರಳಿಗೆ ನೋವಿಲ್ಲ, ಷೂವಿನ ಮೇಲೆ ಕರಿಗೆರೆ ಬೀಳುವುದಿಲ್ಲ. ಆದರೆ ಇದು ಸಾಮಾನ್ಯವಾಗಿ ಒಂದೇ ತುಂಡಿನ ಲಿವರ್ ಆದ್ದರಿಂದ ಮುಂದಿನ ತುದಿಯನ್ನು ಒಂದು ಹಲ್ಲು ಎತ್ತರಿಸಿದರೆ ಹಿಂದಿನದು ತಾನಾಗಿ ತಗ್ಗುತ್ತದೆ. ನಿಮ್ಮ ತೊಂದರೆಗೆ ಇದೇ ಪರಿಹಾರವೂ ಆಗಬಹುದು: ಹಿಂದಿನ ತುದಿ ಹಿಮ್ಮಡಿಗೆ ತಾಗುತ್ತಿದ್ದರೆ, ಮೇಲೆ ಹೇಳಿದ ಕ್ರಮದಲ್ಲಿ ಅದನ್ನು ಒಂದು ಹಲ್ಲು ತಗ್ಗಿಸಿ, ಮುಂದಿನ ತುದಿ ಪಾದಕ್ಕೆ ಇನ್ನೂ ಹೊಂದುತ್ತದೆಯೇ ಎಂದು ನೋಡಿ. ಹಿಂದಿನ ತುದಿ ಬೋಲ್ಟಿನಿಂದ ಪ್ರತ್ಯೇಕವಾಗಿ ಜೋಡಿಸಿದ್ದಾದರೆ ಅದನ್ನು ಬಿಚ್ಚಿಡಬಹುದು. ಬೇಕಾದಾಗ ಮತ್ತೆ ಹಾಕಿಕೊಳ್ಳಲೂ ಬರುತ್ತದೆ.

ಇನ್ನೊಂದನ್ನು ಗಮನಿಸಿ. ನಾಲ್ಕು ಗೇರಿನ ಕೆಲವು ಬೈಕುಗಳಲ್ಲಿ ಎಲ್ಲ ಗೇರುಗಳೂ ಒಂದೇ ದಿಕ್ಕಿಗೆ ಬೀಳುತ್ತವೆ, ಇನ್ನು ಹಲವು ಬೈಕುಗಳಲ್ಲಿ ಒಂದನೇ ಗೇರ್ ಕೆಳಕ್ಕೆ, ಉಳಿದವು ಮೇಲಕ್ಕೆ. ಗೆಳೆಯರ ಬೈಕ್ ಹತ್ತುವ ಮೊದಲು ಇದನ್ನು ಕೇಳಿಯೇ ಹತ್ತಬೇಕು. ಏರಿಸಲು ಹೋಗಿ ಇಳಿಸಿದರೆ ಹಿಂಚಕ್ರ ಜಾರಬಹುದು.

ಪ್ರಶ್ನೆ: ತೀರ್ಥಹಳ್ಳಿಯಿಂದ ಉಡುಪಿಗೆ ಆಗುಂಬೆ ಘಾಟಿ ಇಳಿದು ಹೋಗಬೇಕಾಗಿದೆ. ಬೈಕ್ ಕಲಿತು ಹೆಚ್ಚು ದಿನವಾಗಿಲ್ಲ. ಪೆಟ್ರೋಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರನ್ನು ನೋಡಿದ್ದೇನೆ. ಗೇರ್ ಇಳಿಸುವಾಗ ನನ್ನ ಬೈಕ್ ಪ್ರತಿ ಸಲವೂ ಜರ್ಕ್ ಹೊಡೆಯುತ್ತದೆ.
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಘಾಟಿಯಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಗೇರಿನಲ್ಲಿದ್ದಾಗ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಬೈಕನ್ನು ಹಿಡಿದು ನಿಧಾನಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಆ ಹಿಡಿತ ಇಲ್ಲವಾಗಿ ಇಡೀ ಭಾರ ಬ್ರೇಕುಗಳ ಮೇಲೆ ಬೀಳುತ್ತದೆ, ಸತತವಾಗಿ ಒತ್ತಿದ ಬ್ರೇಕ್ ಕಾದು ಶಕ್ತಿ ಕಳೆದುಕೊಳ್ಳುತ್ತದೆ. ಪೆಟ್ರೋಲಿನ ಲೆಕ್ಕವೂ ತಪ್ಪು. ಫ್ಯೂಯಲ್ ಇಂಜೆಕ್ಷನ್ ಇರುವ ಈಗಿನ ಬೈಕುಗಳು ಗೇರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಇಳಿಯುವಾಗ ಸಾಮಾನ್ಯವಾಗಿ ಪೆಟ್ರೋಲ್ ಪೂರೈಕೆಯನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆರದಂತೆ ಇಟ್ಟುಕೊಳ್ಳಲು ಸ್ವಲ್ಪವಾದರೂ ಸುಡಲೇಬೇಕು. ಆ ಏರನ್ನು ಹತ್ತಲು ಯಾವ ಗೇರ್ ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯುವುದು ಹಿಂದಿನಿಂದ ನಡೆದುಬಂದ, ಇಂದಿಗೂ ಸರಿಯಾದ ಕ್ರಮ. ಆಗುಂಬೆಯ ಹಿಮ್ಮುರಿ ತಿರುವುಗಳಲ್ಲಿ ಹೆಚ್ಚಿನ ಬೈಕುಗಳಿಗೆ ಅದು ಎರಡನೇ ಗೇರ್ ಆಗಿರುತ್ತದೆ, ಕೆಲವು ಕಡೆ ಒಂದನೆಯದೂ ಬೇಕಾಗಬಹುದು.

ಗೇರ್ ಇಳಿಸುವುದು ತಿರುವಿನ ಒಳಗಲ್ಲ, ತಿರುವಿಗೆ ಮೊದಲು, ಬೈಕ್ ನೆಟ್ಟಗಿರುವಾಗ ಮುಗಿಯಬೇಕು. ಮೊದಲು ಎರಡೂ ಬ್ರೇಕಿನಿಂದ ವೇಗ ತಗ್ಗಿಸಿ, ಆಮೇಲೆ ಗೇರ್ ಇಳಿಸಿ. ಜರ್ಕ್ ಬರುವುದು ಏಕೆಂದರೆ, ಅದೇ ವೇಗಕ್ಕೆ ಕೆಳಗಿನ ಗೇರಿನಲ್ಲಿ ಎಂಜಿನ್ ಇನ್ನೂ ಜೋರಾಗಿ ತಿರುಗಬೇಕು. ನೀವು ಕ್ಲಚ್ ಬಿಟ್ಟ ಗಳಿಗೆಯಲ್ಲಿ ಹಿಂಚಕ್ರವೇ ಎಂಜಿನ್ನನ್ನು ಆ ವೇಗಕ್ಕೆ ಎಳೆಯಬೇಕಾಗಿ ಬರುತ್ತದೆ. ಆದ್ದರಿಂದ ಕ್ಲಚ್ ಹಿಡಿದು ಲಿವರ್ ಒತ್ತಿದ ಕೂಡಲೇ ಆಕ್ಸಿಲರೇಟರನ್ನು ಒಂದು ಕ್ಷಣ ಚೂರೇ ತಿರುಗಿಸಿ, ಎಂಜಿನ್ ದನಿ ಏರಿದ ಮೇಲೆ ಕ್ಲಚ್ಚನ್ನು ಹದವಾಗಿ ಬಿಡಿ. ಒಂದೊಂದೇ ಗೇರ್ ಇಳಿಸಿ, ಪ್ರತಿಯೊಂದರ ನಡುವೆಯೂ ಕ್ಲಚ್ ಬಿಡಿ. ಕ್ಲಚ್ ಹಿಡಿದುಕೊಂಡೇ ನಾಲ್ಕರಿಂದ ಒಂದಕ್ಕೆ ತುಳಿಯುತ್ತ ಬಂದು ಒಮ್ಮೆಲೇ ಬಿಟ್ಟರೆ ಮಳೆಯಲ್ಲಿ ನೆನೆದ ಘಾಟಿಯ ರಸ್ತೆಯಲ್ಲಿ ಹಿಂಚಕ್ರ ಸ್ತಬ್ಧವಾಗಿ ಜಾರುತ್ತದೆ. ಈ ಕೌಶಲ ಘಾಟಿಯಲ್ಲಿ ಕಲಿಯುವುದಲ್ಲ. ಹೊರಡುವ ಮೊದಲು ನಿಮ್ಮೂರಿನ ವಾಹನವಿಲ್ಲದ ನೇರ ರಸ್ತೆಯಲ್ಲಿ ಮೂರರಿಂದ ಎರಡಕ್ಕೆ ಇಳಿಸುವುದನ್ನು, ಕಿವಿಯಿಂದಲೇ ಎಂಜಿನ್ನಿನ ದನಿ ಗುರುತಿಸುವಷ್ಟು ಅಭ್ಯಾಸ ಮಾಡಿಕೊಳ್ಳಿ. ಮುಂಗಾರು ಜೋರಾಗಿರುವ ದಿನವಾದರೆ ಹೊಸಬರು ಬಸ್ಸಿನಲ್ಲಿ ಹೋಗುವುದೇ ಒಳಿತೆಂದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ನಾನು ಕಲಿತದ್ದು ಹೊಸ ಬೈಕಿನಲ್ಲಿ. ಮನೆಯಲ್ಲಿ ಅಪ್ಪ ಬಳಸುತ್ತಿದ್ದ ಹಳೆಯ ಬುಲೆಟ್ ಇದೆ, ಅದರ ಗೇರ್ ಬಲಗಡೆ. ಲಿವರನ್ನು ಎಡಕ್ಕೆ ಹಾಕಿಸಬಹುದೇ, ಅಥವಾ ಹಾಗೆಯೇ ಕಲಿಯಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಹಾಗೆಯೇ ಕಲಿಯಿರಿ. ಎಡಕ್ಕೆ ಬದಲಿಸುವ ಜೋಡಣೆಗಳನ್ನು ಕೆಲವರು ಹಾಕಿಸುತ್ತಾರಾದರೂ, ಬ್ರೇಕನ್ನೂ ಇನ್ನೊಂದು ಬದಿಗೆ ಒಯ್ಯಬೇಕಾಗುವುದರಿಂದ ಆ ಕೆಲಸ ಕಾಣುವಷ್ಟು ಸರಳವಲ್ಲ. ಆ ಬುಲೆಟ್ಟುಗಳಲ್ಲಿ ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ. ಕ್ರಮವೂ ತಿರುವುಮುರುವು, ಒಂದನೇ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಗೇರ್ ಬಾಕ್ಸಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಲಿವರ್ ಇರುತ್ತದೆ, ಎರಡು, ಮೂರು, ನಾಲ್ಕು ಯಾವುದರಲ್ಲಿದ್ದರೂ ಕ್ಲಚ್ ಹಿಡಿದು ಹಿಮ್ಮಡಿಯಿಂದ ಅದನ್ನು ಒತ್ತಿದರೆ ನೇರವಾಗಿ ನ್ಯೂಟ್ರಲ್ ಬರುತ್ತದೆ. ಇಂಥ ಅನುಕೂಲ ಇಂದಿನ ಬೈಕುಗಳಲ್ಲಿ ಇಲ್ಲವಲ್ಲ ಎಂದು ಮೇಲಿನ ಹುಬ್ಬಳ್ಳಿಯ ಓದುಗರಿಗೆ ಅನಿಸಿದರೆ ಆಶ್ಚರ್ಯವಿಲ್ಲ.

ನಿಮ್ಮೂರಿಗೆ ಈ ವಿಷಯದಲ್ಲಿ ತನ್ನದೇ ಆದ ಪರಂಪರೆಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಬೈಕುಗಳಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ ಆಗಿತ್ತು. ಅದೇ ಲಿವರನ್ನು ಒಳಕ್ಕೆ ಒತ್ತಿ ಎತ್ತಿ ನಿಲ್ಲಿಸಿದರೆ ಕಿಕ್, ಮುಂದಕ್ಕೆ ಬಾಗಿಸಿದರೆ ಗೇರ್. ಆ ಜಾವಾಗಳಲ್ಲಿ ಲಿವರ್ ಒತ್ತುವ ಚಲನೆಯೇ ಕ್ಲಚ್ಚನ್ನು ಬಿಡಿಸುವಂಥ ಏರ್ಪಾಡೂ ಇತ್ತು. ಎಡಗಾಲಿನ ಗೇರ್ ಎಲ್ಲ ಕಡೆ ಒಂದೇ ಕ್ರಮಕ್ಕೆ ಬಂದದ್ದು ಆಮೇಲಿನ ಮಾತು.

ಕಲಿಯುವ ಕ್ರಮ ಹೀಗಿರಲಿ: ಮೊದಲ ಕೆಲವು ದಿನ ಬುಲೆಟ್ಟನ್ನು ಮೈದಾನದಲ್ಲಿ ಮಾತ್ರ ಓಡಿಸಿ, ಗೇರಿಗಿಂತ ಹೆಚ್ಚಾಗಿ ಬ್ರೇಕನ್ನು ಅಭ್ಯಾಸ ಮಾಡಿ. ಅಪಾಯ ಇರುವುದು ಗೇರ್ ತಪ್ಪುವುದರಲ್ಲಿ ಅಲ್ಲ. ಯಾರೋ ಅಡ್ಡ ಬಂದಾಗ, ಗಾಬರಿಯಲ್ಲಿ ಬಲಗಾಲು ರೂಢಿಯಂತೆ ಬ್ರೇಕೆಂದು ತುಳಿದು ಗೇರನ್ನು ಒತ್ತಿಬಿಡುತ್ತದೆ. ಮುಂದಿನ ಬ್ರೇಕ್ ಎಲ್ಲ ಬೈಕುಗಳಲ್ಲೂ ಬಲಗೈಯಲ್ಲೇ ಇರುವುದರಿಂದ, ನಿಲ್ಲಿಸುವಾಗ ಮೊದಲು ಕೈ ಎಳೆಯುವ ಅಭ್ಯಾಸವನ್ನು ಗಟ್ಟಿ ಮಾಡಿಕೊಂಡರೆ ಕಾಲು ತಪ್ಪಿದರೂ ಬೈಕ್ ನಿಲ್ಲುತ್ತದೆ. ಒಂದೇ ದಿನ ಎರಡೂ ಬೈಕುಗಳನ್ನು ಓಡಿಸುವುದನ್ನು ಮೊದಮೊದಲು ತಪ್ಪಿಸಿ.

ಪ್ರಶ್ನೆ: ಗೇರ್ ಲಿವರಿನ ಬೋಲ್ಟನ್ನು ಎಷ್ಟು ಬಿಗಿದರೂ ಒಂದು ವಾರಕ್ಕೆ ಸಡಿಲವಾಗಿ ಲಿವರ್ ಲಟಲಟ ಅಲ್ಲಾಡುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಲಿವರನ್ನು ಹೊರತೆಗೆದು ರಂಧ್ರದ ಒಳಗಿನ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಹಲ್ಲುಗಳ ತುದಿ ಮೊಂಡಾಗಿ ಹೊಳೆಯುತ್ತಿದ್ದರೆ ಅವು ಸವೆದಿವೆ, ಮತ್ತು ಬೋಲ್ಟ್ ಬಿಗಿದಾಗ ಸೀಳಿನ ಎರಡು ಅಂಚುಗಳು ಒಂದಕ್ಕೊಂದು ತಾಗಿಬಿಟ್ಟಿದ್ದರೆ ಇನ್ನೆಷ್ಟು ಬಿಗಿದರೂ ಶಾಫ್ಟನ್ನು ಹಿಡಿಯಲು ಜಾಗವೇ ಉಳಿದಿಲ್ಲ ಎಂದರ್ಥ. ಸೀಳಿನೊಳಗೆ ತಗಡಿನ ಚೂರು ತುರುಕುವುದು, ಶಾಫ್ಟಿಗೆ ಲಿವರನ್ನು ವೆಲ್ಡಿಂಗ್ ಮಾಡಿಸುವುದು, ಇವೆರಡೂ ಮುಂದೆ ದೊಡ್ಡ ಖರ್ಚಿಗೆ ದಾರಿ ಮಾಡುತ್ತವೆ. ವೆಲ್ಡಿಂಗಿನ ಬಿಸಿಗೆ ಶಾಫ್ಟಿನ ಆಯಿಲ್ ಸೀಲ್ ಸುಟ್ಟು ಆಯಿಲ್ ಸೋರುತ್ತದೆ, ಮುಂದೆ ಎಂಜಿನ್ನಿನ ಎಡಗಡೆಯ ಹೊದಿಕೆ ತೆಗೆಯಬೇಕಾದಾಗ ಲಿವರನ್ನು ಕತ್ತರಿಸದೆ ವಿಧಿಯಿಲ್ಲ. ಸಡಿಲ ಲಿವರಿನಲ್ಲೇ ಓಡಿಸುತ್ತ ಹೋದರೆ ಶಾಫ್ಟಿನ ಹಲ್ಲುಗಳೂ ಸವೆಯುತ್ತವೆ, ಶಾಫ್ಟ್ ಬದಲಿಸಲು ಎಂಜಿನ್ನಿನ ಹೊದಿಕೆ ಬಿಚ್ಚಲೇಬೇಕು. ಆದ್ದರಿಂದ ಶಾಫ್ಟ್ ಚೆನ್ನಾಗಿರುವಾಗಲೇ ನಿಮ್ಮ ಬೈಕಿನ ಮಾದರಿಗೆ ಹೊಂದುವ ಹೊಸ ಲಿವರ್ ಮತ್ತು ಹೊಸ ಬೋಲ್ಟ್ ಹಾಕಿಸಿ, 100 ಕಿಲೋಮೀಟರ್ ಓಡಿದ ಮೇಲೆ ಆ ಬೋಲ್ಟಿನ ಬಿಗಿತವನ್ನು ಇನ್ನೊಮ್ಮೆ ನೋಡಿಕೊಳ್ಳಿ.